ಸೆರಗಿನ ವೇಗಕ್ಕೊಂದು ಪ್ಲಗ್

ಮದುವೆಗೆ ಮುಂಚೆ ನನಗಿದ್ದ ಚಟ ಒಂದೇ, ಗಾಡಿ. ಎಲೆ ಅಡಿಕೆ ಇಲ್ಲ, ಇಸ್ಪೀಟು ಇಲ್ಲ, ಚಹಾ ಕೂಡ ಯಾರಾದರೂ ಕೊಟ್ಟರೆ ಕುಡಿದೇನು ಎನ್ನುವ ಮನುಷ್ಯ. ಅದಕ್ಕಾಗಿಯೇ ನಮ್ಮವ್ವ ನನ್ನ ಗಾಡಿಯ ಹುಚ್ಚನ್ನು ಹೊಟ್ಟೆಗೆ ಹಾಕಿಕೊಂಡಿದ್ದಳು. ಬೈಲಹೊಂಗಲದ ಪೇಟೆಯಲ್ಲಿ ನಮ್ಮದು ಪಂಪ್‌ಸೆಟ್ ಸಾಮಾನಿನ ಅಂಗಡಿ. ಬೆಲ್ಟು, ಬೇರಿಂಗು, ಗ್ರೀಸು, ವಾಶರು. ನಾನು ಕಾಲೇಜಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡದ್ದರಿಂದ ಅಂಗಡಿ ತಾನಾಗಿ ನನ್ನ ಕೊರಳಿಗೆ ಬಿತ್ತು. ಗಾಡಿಯನ್ನು ಮಾತ್ರ ನಾನೇ ಮೈಮೇಲೆ ಎಳೆದುಕೊಂಡೆ.

ಇದು ತೊಂಬತ್ತರ ದಶಕದ ನಡುವಿನ ಮಾತು. ಗಾಡಿ ನೂರು ಸಿಸಿಯದು, ಟೂ-ಸ್ಟ್ರೋಕ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಜಾತಿಯದು. ಕೊಂಡು ತಂದಂತೆ ಓಡಿಸಿಕೊಂಡಿದ್ದರೆ ಯಾರದೂ ತಕರಾರು ಇರುತ್ತಿರಲಿಲ್ಲ. ಆದರೆ ನಮ್ಮ ಅಂಗಡಿಯ ಓಣಿಯಲ್ಲೇ ಒಬ್ಬ ಉಸ್ತಾದ ಗ್ಯಾರೇಜು ಇಟ್ಟಿದ್ದ. ನನ್ನ ವಾರಿಗೆಯವನೇ. ಎಂಜಿನ್ ಬಿಚ್ಚುವಾಗ ಮಾತು, ಜೋಡಿಸುವಾಗ ಮಾತು, ಬಾಯಲ್ಲಿ ನಟ್ಟು ಕಚ್ಚಿಕೊಂಡೂ ಮಾತು. ಅವನೂ ನಾನೂ ಸೇರಿದೆವೆಂದರೆ ನಮ್ಮ ಅಂಗಡಿಯ ಗಿರಾಕಿ ಹೊರಗೆ ನಿಂತು ಕೆಮ್ಮಬೇಕಾಗುತ್ತಿತ್ತು. ಒಂದು ಬೇಸಿಗೆಯಲ್ಲಿ ಇಬ್ಬರೂ ಕೂಡಿ ಆ ಎಂಜಿನ್ನಿಗೆ ಸ್ವಲ್ಪ ಕೈ ಆಡಿಸಿದೆವು. ಹೆಡ್ಡನ್ನು ಲೇತಿಗೆ ಕೊಟ್ಟು ಕೂದಲೆಳೆಯಷ್ಟು ತೇಯಿಸಿದೆವು. ಹೊಗೆ ಹಾಯುವ ಪೋರ್ಟಿನ ಒರಟನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದೆವು. ಪೆಟ್ರೋಲು ಹೆಚ್ಚು ಬಿಡಲೆಂದು ಕಾರ್ಬೋರೇಟರಿಗೆ ಒಂದು ನಂಬರು ದೊಡ್ಡ ಜೆಟ್ ಹಾಕಿದೆವು. ಅಷ್ಟೇ, ರೇಸಿನ ಗಾಡಿಯೇನೂ ಆಗಲಿಲ್ಲ. ಆದರೂ ಕಿತ್ತೂರಿನ ಹತ್ತಿರ ದೊಡ್ಡ ರಸ್ತೆಗೆ ಬಿಟ್ಟರೆ ಅದರ ದನಿಯೇ ಬೇರೆ ಇತ್ತು. ಅದರ ಮೇಲೆ ಕೂತವನ ಎದೆಯೂ ಒಂದಿಷ್ಟು ಅಗಲವಾಗಿತ್ತು ಎಂದರೆ ಸುಳ್ಳಲ್ಲ.

ಎಂಜಿನ್ ಬದಲಾದ ಮೇಲೆ ಪ್ಲಗ್ಗೂ ಬದಲಾಗಬೇಕು ಎಂದು ಉಸ್ತಾದ ಹೇಳಿದ. ಸ್ಪಾರ್ಕ್ ಪ್ಲಗ್ಗಿನ ಕೆಲಸ ಕಿಡಿ ಹಾರಿಸುವುದೊಂದೇ ಅಲ್ಲ, ತನ್ನ ಮೂತಿಗೆ ತಾಗಿದ ಕಾವನ್ನು ಹೊರಗೆ ದಾಟಿಸುವುದೂ ಹೌದು. ಬೇಗ ದಾಟಿಸುವುದು ತಂಪು ಪ್ಲಗ್, ನಿಧಾನಕ್ಕೆ ದಾಟಿಸುವುದು ಬಿಸಿ ಪ್ಲಗ್. ಜೋರಾಗಿ ಓಡುವ ಎಂಜಿನ್ನಿಗೆ ತಂಪಿನದು ಬೇಕು. ಇಲ್ಲದಿದ್ದರೆ ಮೂತಿ ಕೆಂಡವಾಗಿ, ಕಿಡಿ ಹಾರುವ ಮೊದಲೇ ಪೆಟ್ರೋಲು ಹೊತ್ತಿಕೊಳ್ಳುತ್ತದೆ. ಸಾವಕಾಶ ಓಡುವುದಕ್ಕೆ ಬಿಸಿಯದು ಬೇಕು. ಇಲ್ಲದಿದ್ದರೆ ಆಯಿಲ್ ಸುಡದೆ ಮಸಿಯಾಗಿ ಮೂತಿಗೆ ಅಂಟಿಕೊಂಡು ಕಿಡಿಯೇ ಹಾರುವುದಿಲ್ಲ. ಹಂಚು ಕಾಯದಿದ್ದರೆ ರೊಟ್ಟಿ ಹತ್ತಿಕೊಳ್ಳುತ್ತದೆ, ಅತಿಯಾಗಿ ಕಾದರೆ ಸೀಯುತ್ತದೆ. ಇದೂ ಅಷ್ಟೇ. ನಮ್ಮ ಎಂಜಿನ್ನು ಈಗ ಜೋರಿನದಾಯಿತಲ್ಲ, ಹಾಗಾಗಿ ಬೆಳಗಾವಿಯಿಂದ ಒಂದು ನಂಬರು ತಂಪಿನ ಪ್ಲಗ್ ತರಿಸಿ ಹಾಕಿದೆವು. ಬಿಚ್ಚಿದ ಹಳೆಯ ಪ್ಲಗ್ ಅಡುಗೆಮನೆಯ ಕಟ್ಟೆಯ ಮೇಲೆ ಬಿದ್ದಿತ್ತು. ಅವ್ವ ಅದನ್ನು ತೊಳೆದು, ಕಿಟಕಿಯ ಪರದೆ ಗಾಳಿಗೆ ಹಾರಿ ಒಲೆಯ ಕಡೆ ಬರಬಾರದೆಂದು ಪರದೆಯ ತುದಿಗೆ ಕಟ್ಟಿದಳು. ಅವ್ವನ ಮನೆಯಲ್ಲಿ ಯಾವ ವಸ್ತುವೂ ಸುಮ್ಮನೆ ಕೂತು ಉಣ್ಣುವ ಹಾಗಿರಲಿಲ್ಲ.

ಮರುವರ್ಷ ದೊಡ್ಡಪ್ಪ ನನಗೆ ಕಿತ್ತೂರಿನ ಹುಡುಗಿಯನ್ನು ಗೊತ್ತುಮಾಡಿದರು. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ. ಅವರ ಊರು ಯರಗಟ್ಟಿಗೆ ಸ್ವಲ್ಪ ಮೊದಲು ರಸ್ತೆಗೇ ಹತ್ತಿಕೊಂಡಿದೆ. ಅಪ್ಪ ಹೋದ ಮೇಲೆ ನಮ್ಮ ಮನೆಯ ಎಲ್ಲ ಮಾತೂ ಅವರ ಬಾಯಿಂದಲೇ ಮುಗಿಯಬೇಕಾಗಿತ್ತು. ನಾನು ಕನ್ಯಾ ನೋಡಲು ಆ ಗಾಡಿಯ ಮೇಲೆಯೇ ಹೋಗಿದ್ದೆ. ವರನಿಗಿಂತ ಮೊದಲು ಗಾಡಿಯ ಸಪ್ಪಳವೇ ಮನೆಯೊಳಗೆ ಬಂತು, ಇವನ ಜೋಡಿ ಬಾಳಿದರೆ ಕಿವಿ ಹೋಗುತ್ತವೆ ಎಂದು ತನ್ನ ತಾಯಿಗೆ ಹೇಳಿದ್ದಾಗಿ ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಹಾಗೆ ಹೇಳಿಯೂ ಒಪ್ಪಿಕೊಂಡಳು. ಅವಳ ಕಿವಿಗಳೂ ಚೆನ್ನಾಗಿವೆ, ನನ್ನ ಅದೃಷ್ಟವೂ ಚೆನ್ನಾಗಿತ್ತು.

ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ನೇಮಕವಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಕೆಲಸ ಕಾಯಂ ಆಗಿರಲಿಲ್ಲ. ಶಾಲೆ ಇದ್ದದ್ದು ಯರಗಟ್ಟಿ ದಾಟಿ ಮನೋಳಿಯ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ. ಸಂಜೆ ಮರಳಿ ಬರಲು ಒಳ್ಳೆಯ ಬಸ್ಸಿತ್ತು. ಬೆಳಗ್ಗೆಯದೇ ಪಜೀತಿ. ಬೈಲಹೊಂಗಲದ ಬಸ್ಸು ಯರಗಟ್ಟಿ ಮುಟ್ಟುವುದರೊಳಗೆ ಮುಂದಿನ ಬಸ್ಸು ಹೋಗಿರುತ್ತಿತ್ತು. ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಇವಳು ಒಳಗೆ ಕಾಲಿಟ್ಟರೆ ಹೆಡ್‌ಮಾಸ್ತರರ ಮುಖ ನೋಡುವಂತಿರಲಿಲ್ಲ. ಹೀಗಾಗಿ ದಿನಾ ಬೆಳಗ್ಗೆ ನಾನು ಗಾಡಿಯ ಮೇಲೆ ಬಿಟ್ಟು ಬರುವುದು, ಬಂದು ಅಂಗಡಿ ತೆಗೆಯುವುದು ಎಂದು ಠರಾವಾಯಿತು. ನನಗಂತೂ ಸಕ್ಕರೆ ಹಂಚಿದಷ್ಟು ಖುಷಿ. ಹೊಸ ಹೆಂಡತಿ, ಕೈಯಾಡಿಸಿದ ಎಂಜಿನ್ನು, ಬೆಳಗಿನ ಹೊತ್ತಿನ ಖಾಲಿ ರಸ್ತೆ. ಇನ್ನೇನು ಬೇಕು?

ಖುಷಿ ಹದಿನೈದು ದಿನವೂ ಬಾಳಲಿಲ್ಲ. ಗಾಡಿ ಮನೆಯಿಂದ ಹೊರಡುವಾಗ ಒಳ್ಳೆಯ ಮಗುವಿನ ಹಾಗೆ ಹೊರಡುತ್ತಿತ್ತು. ಯರಗಟ್ಟಿ ಹತ್ತಿರವಾದಂತೆ ಪುಟ್ ಪುಟ್ ಎಂದು ಮುಕ್ಕರಿಸತೊಡಗಿ, ಯಾವುದೋ ಹತ್ತಿಯ ಹೊಲದ ಬದಿಗೆ ನಿಂತುಬಿಡುತ್ತಿತ್ತು. ಪ್ಲಗ್ ಶಾರ್ಟ್. ಟೂಲ್ ಡಬ್ಬಿಯಿಂದ ಪಾನಾ ತೆಗೆದು ಬಿಚ್ಚಿದರೆ ಮೂತಿ ತುಂಬ ಕರಿ ಮಸಿ, ಮೇಲೆ ಎಣ್ಣೆಯ ಪಸೆ. ತಂತಿಯ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಮತ್ತೆ ಹಾಕಿ, ಬೆವರು ಇಳಿಯುವ ತನಕ ಕಿಕ್ ಹೊಡೆದರೆ ಏಳುತ್ತಿತ್ತು. ಜೊತೆಗೆ ಇನ್ನೊಂದು ಅದೇ ನಂಬರಿನ ಪ್ಲಗ್ ಇಟ್ಟುಕೊಂಡೆ. ಅದರ ಹಣೆಬರಹವೂ ಅದೇ, ಕೊನೆಗೆ ಅದರ ಮೂತಿಯೇ ಒಡೆದುಹೋಯಿತು. ಇಷ್ಟರಲ್ಲಿ ಅವಳು ಊಟದ ಡಬ್ಬಿಯ ಚೀಲ ಹಿಡಿದುಕೊಂಡು ರಸ್ತೆಯ ಬದಿಗೆ ನಿಂತಿರುತ್ತಿದ್ದಳು. ಹೋಗಿಬರುವ ಚಕ್ಕಡಿಗಳವರು ಎತ್ತು ನಿಲ್ಲಿಸಿ ಏನಾಯಿತು ಎಂದು ಕೇಳುವರು. ಕೇಳಿದರೆ ಸಾಲದೆಂದು ಇಳಿದು ಬಂದು ನೋಡುವರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಪ್ಲಗ್ಗಿನ ಮೇಲಿನ ಸಿಟ್ಟನ್ನು ಆ ಪಾಪದವರ ಮೇಲೆ ತೀರಿಸುತ್ತಿದ್ದೆ.

ಆಶ್ಚರ್ಯವೆಂದರೆ, ಅವಳನ್ನು ಬಿಟ್ಟು ಮರಳಿ ಬರುವಾಗ ಗಾಡಿ ಒಂದು ದಿನವೂ ಕೈ ಕೊಡುತ್ತಿರಲಿಲ್ಲ. ಅಂಗಡಿಯ ಮುಂದೆ ನಿಲ್ಲಿಸಿ ಪ್ಲಗ್ ಬಿಚ್ಚಿ ಉಸ್ತಾದನಿಗೆ ತೋರಿಸಿದರೆ ಮೂತಿ ಇಟ್ಟಂಗಿಯ ಬಣ್ಣಕ್ಕೆ ಒಣಗಿ ಚೆಂದವಾಗಿರುತ್ತಿತ್ತು. ಪ್ಲಗ್ಗಿಗೆ ಅದೇ ಸರಿಯಾದ ಬಣ್ಣ. ಉಸ್ತಾದ ಅದನ್ನು ಬಿಸಿಲಿಗೆ ಹಿಡಿದು, ಈ ಎಂಜಿನ್ನಿಗೆ ಇದಕ್ಕಿಂತ ಚಲೋ ಪ್ಲಗ್ ಬೇರೆ ಇಲ್ಲ ಎಂದು ಹೇಳುವನು. ಹಾಗಾದರೆ ಮಸಿ ಎಲ್ಲಿಂದ? ಆಯಿಲ್ ಹೆಚ್ಚಾಗಿದೆ ಎಂದು ಕಡಿಮೆ ಮಾಡಿಸಿದ. ಜೆಟ್ಟು ಒಂದು ನಂಬರು ಇಳಿಸಿದ. ಕಾಯಿಲ್ ಬದಲಿಸಿದ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾರೆ ಎಂದು ಬಂಕನ್ನು ಬೈದೆವು. ಗ್ಯಾರೇಜಿನಲ್ಲಿ ಚಹಾ ಕುಡಿಯಲು ಕೂತವರೆಲ್ಲ ಒಂದೊಂದು ಮದ್ದು ಹೇಳಿದರು. ಹೇಳಿದವರ ಪೈಕಿ ಅರ್ಧ ಮಂದಿಗೆ ಸೈಕಲ್ಲು ಬಿಟ್ಟರೆ ಬೇರೆ ಗಾಡಿ ಇರಲಿಲ್ಲ. ನಾನು ಎಲ್ಲವನ್ನೂ ಮಾಡಿದೆ, ಗಾಡಿಯೂ ತನಗೆ ಬೇಕಾದ ಕಡೆ ನಿಂತೇ ನಿಂತಿತು.

ಹೀಗೇ ಕೆಲವು ತಿಂಗಳಾದ ಮೇಲೆ ಹೆಡ್‌ಮಾಸ್ತರರು ಅವಳನ್ನು ಕರೆದು, ಇನ್ನೂ ಹೀಗೇ ತಡವಾದರೆ ಮೇಲಿನವರಿಗೆ ಬರೆಯದೆ ಗತಿಯಿಲ್ಲ ಎಂದು ಮೆತ್ತಗೇ ಹೇಳಿದರಂತೆ. ಕೆಲಸ ಕಾಯಂ ಆಗುವ ಹೊತ್ತಿನಲ್ಲಿ ಅಂಥದೊಂದು ಮಾತು ಕಾಗದಕ್ಕೆ ಇಳಿದರೆ ಮುಗಿಯಿತು. ಅವಳ ಜೊತೆಯ ಶಿಕ್ಷಕಿಯೊಬ್ಬಳು ಸವದತ್ತಿಯಲ್ಲಿ ಬಾಡಿಗೆಗೆ ಖೋಲಿ ಹಿಡಿದಿದ್ದಳು. ಅಲ್ಲಿಂದ ಶಾಲೆಗೆ ಬೇಕಾದಾಗ ಬಸ್ಸು. ಖೋಲಿಯಲ್ಲಿ ಇನ್ನೊಬ್ಬರಿಗೆ ಜಾಗವಿದೆ, ಬಾ ಎಂದು ಆಕೆ ಕರೆದಿದ್ದಳು. ಸೋಮವಾರ ಹೋಗಿ ಶನಿವಾರ ಬರುವುದು. ಇವಳು ಅದನ್ನು ನನಗೆ ರೊಟ್ಟಿ ನೀಡುತ್ತ ಹೇಳಿದಳು, ದನಿ ಏರಿಸಲಿಲ್ಲ, ಅಳಲಿಲ್ಲ.

"ಮುಂದಿನ ತಿಂಗಳ ತನಕ ನೋಡತೇನ್ರಿ. ಆಮ್ಯಾಲ ಖೋಲಿಗೆ ಹೂಂ ಅಂತೇನಿ. ಎಷ್ಟೊ ಬಡಿದಾಡಿ ಬಂದ ನೌಕರಿ ಇದು."

ಮದುವೆಯಾಗಿ ಆರು ತಿಂಗಳಷ್ಟೇ ಆಗಿತ್ತು. ಅವಳು ಬಂದ ಮೇಲೆ ನಮ್ಮ ಮನೆಯಲ್ಲಿ ಮಾತು ಹುಟ್ಟಿತ್ತು, ನಗೆ ಹುಟ್ಟಿತ್ತು. ಅವ್ವ ಕೂಡ ಸೊಸೆ ಬರುವ ಬಸ್ಸಿನ ಹೊತ್ತಿಗೆ ಹೊಸ್ತಿಲ ಹತ್ತಿರ ಸುಮ್ಮನೆ ಏನೋ ಕೆಲಸ ಹಚ್ಚಿಕೊಂಡು ಕೂಡುತ್ತಿದ್ದಳು. ವಾರದಲ್ಲಿ ಐದು ರಾತ್ರಿ ಅವಳಿಲ್ಲದ ಆ ಮನೆಯನ್ನು ನೆನೆದರೆ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅಷ್ಟು ದಿನ ಪ್ಲಗ್ಗೆಂದರೆ ನನ್ನ ಪ್ರತಿಷ್ಠೆಯ ವಿಷಯವಾಗಿತ್ತು. ಅಂದಿನಿಂದ ಅದು ಸಂಸಾರದ ವಿಷಯವಾಯಿತು.

ದಾರಿ ತೋರಿಸಿದವಳು ಹೆಂಡತಿಯೇ. ಗ್ಯಾರೇಜಿನ ಪಂಡಿತರ ಮಾತನ್ನೆಲ್ಲ ನಾನು ದಿನಾ ಸಂಜೆ ಅವಳ ಮುಂದೆ ಒದರುತ್ತಿದ್ದೆ. ಪ್ಲಗ್ಗಿನ ಬಣ್ಣ ಬಂಗಾರದ ಹಾಗಿದೆ ಎಂದು ಉಸ್ತಾದ ಹೇಳಿದ್ದನ್ನು ಮತ್ತೊಮ್ಮೆ ಹೇಳಿದಾಗ ಅವಳಿಗೆ ರೇಗಿತು.

"ನಾ ರಸ್ತೇದಾಗ ನಿಂತ ನೋಡೂ ಪ್ಲಗ್ ಕರ್ರಗ ಇರತೈತಿ. ನೀವು ಬೈಲಹೊಂಗಲದಾಗ ನೋಡೂದು ಕೆಂಪಗ ಇರತೈತಿ. ನಾಳೆ ನಮ್ಮ ಸಾಲಿ ಮುಂದನ ಬಿಚ್ಚಿ ನೋಡ್ರಿ."

ಮಾರನೆಯ ದಿನ ಗಾಡಿ ನಿಲ್ಲದೆ ಶಾಲೆ ಮುಟ್ಟಿತು. ಹಾಗೆ ನಿಲ್ಲದೆ ಮುಟ್ಟಿದ ದಿನ ಪ್ಲಗ್ ಸರಿಯಿದೆ ಎಂದೇ ನಾನು ತಿಳಿದಿದ್ದೆ. ಅವಳ ಮಾತಿಗೆ ಶಾಲೆಯ ಗೇಟಿನ ಮುಂದೆ ಬಿಚ್ಚಿದೆ. ಮೂತಿ ಕರ್ರಗೆ, ಪಸೆ ಪಸೆ. ಇನ್ನೆರಡು ಮೈಲಿ ಓಡಿದ್ದರೆ ಅವತ್ತೂ ನಿಲ್ಲುವುದೇ ಇತ್ತು. ಅದನ್ನು ಒರೆಸದೆ ಹಾಗೆಯೇ ಹಾಕಿಕೊಂಡು ಬೈಲಹೊಂಗಲಕ್ಕೆ ಬಂದೆ. ಬಂದು ಬಿಚ್ಚಿದರೆ ಇಟ್ಟಂಗಿಯ ಬಣ್ಣ. ಗಾಡಿ ಅದೇ, ಪ್ಲಗ್ ಅದೇ, ರಸ್ತೆ ಅದೇ. ಬೇರೆಯಾದದ್ದು ಹಿಂದೆ ಕೂತವಳು ಮಾತ್ರ. ಇಷ್ಟಾದ ಮೇಲೆ ನನ್ನಂಥ ಮಂದಬುದ್ಧಿಗೂ ತಿಳಿಯಲೇಬೇಕಾಯಿತು.

ಸಂಗತಿ ಏನೆಂದರೆ, ಸೆರಗು. ನಮ್ಮ ಕಡೆ ಸೊಸೆಯಾದವಳು ಗಂಡನ ಮನೆಯ ಹಿರಿಯರ ಕಣ್ಣಿಗೆ ಬೀಳುವಲ್ಲಿ ತಲೆಯ ಮೇಲೆ ಸೆರಗು ಹೊತ್ತಿರಬೇಕು. ಬೈಲಹೊಂಗಲದಿಂದ ಯರಗಟ್ಟಿಯ ತನಕ ಆ ರಸ್ತೆಯೇ ನಮ್ಮ ಬಳಗದ ಅಂಗಳ ಇದ್ದ ಹಾಗೆ. ಒಂದೂರಲ್ಲಿ ಅಪ್ಪನ ಸೋದರಮಾವನ ಮನೆ, ಇನ್ನೊಂದೂರಲ್ಲಿ ದೊಡ್ಡಪ್ಪ ಕಟ್ಟೆಯ ಮೇಲೆ, ಚಚಡಿ ಕಡೆಯ ಬೀಗರು ಯಾವಾಗ ಯಾವ ಬಸ್ಸಿನ ಕಿಟಕಿಯಲ್ಲಿ ಇರುತ್ತಾರೋ ಹೇಳಲಾಗದು. ಊರು ಬಂದಾಗ ಹೊತ್ತು, ಊರು ದಾಟಿದ ಮೇಲೆ ಇಳಿಸೋಣವೆಂದರೆ ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಸೀಟಿನ ಹಿಡಿ. ಹಾಗಾಗಿ ಅವಳು ಮನೆಯ ಮುಂದೆ ಹೊತ್ತ ಸೆರಗನ್ನು ಶಾಲೆಯ ಮುಂದೆಯೇ ಇಳಿಸುತ್ತಿದ್ದಳು. ಮೂವತ್ತರ ಮೇಲೆ ವೇಗದ ಮುಳ್ಳು ಹೋದರೆ ಗಾಳಿಗೆ ಸೆರಗು ನಿಲ್ಲುತ್ತಿರಲಿಲ್ಲ. ಅದು ಜಾರಿ ಬೆನ್ನಿಗೆ ತಾಗಿದರೆ ನನ್ನ ಕೈ ತಾನಾಗಿ ಎಕ್ಸಿಲರೇಟರು ಇಳಿಸುತ್ತಿತ್ತು. ಯಾರೂ ಹೇಳಿರಲಿಲ್ಲ, ಮಾತೂ ಆಡಿರಲಿಲ್ಲ, ಕೈಗೆ ಅದು ರೂಢಿಯಾಗಿತ್ತು. ಮರಳಿ ಬರುವಾಗ ಒಬ್ಬನೇ, ಅಂಗಡಿಗೆ ಹೊತ್ತಾಗಿದೆ ಎಂದು ಗಾಡಿಯ ಕಿವಿ ಹಿಡಿದು ತಿರುವುತ್ತಿದ್ದೆ. ಹೋಗುವಾಗ ಕೂತ ಮಸಿ ಬರುವಾಗಿನ ಕಾವಿಗೆ ಸುಟ್ಟು ಹೋಗುತ್ತಿತ್ತು. ನಾವು ಪ್ಲಗ್ ಆರಿಸಿದ್ದು ಒಬ್ಬನೇ ಓಡಿಸುವವನ ಎಂಜಿನ್ನಿಗೆ. ನಾನು ಓಡಿಸುತ್ತಿದ್ದದ್ದು ಹೊಸ ಸಂಸಾರದ ಗಾಡಿ.

ಅಂದೇ ಮಧ್ಯಾಹ್ನ ಅಡುಗೆಮನೆಗೆ ಹೋಗಿ ಪರದೆಯ ತುದಿಯಿಂದ ಹಳೆಯ ಬಿಸಿ ಪ್ಲಗ್ಗನ್ನು ಬಿಚ್ಚಿಕೊಂಡೆ. ಅವ್ವ ಸುಮ್ಮನಿದ್ದಾಳೆಯೇ? ತನ್ನ ಪರದೆಗೇನು ಗತಿ ಎಂದು ಕೇಳಿದಳು. ತಂಪಿನ ಪ್ಲಗ್ಗನ್ನು ಅವಳ ಕೈಗೆ ಕೊಟ್ಟೆ. ತೂಕ ಒಂದೇ ಇದೆಯೋ ಇಲ್ಲವೋ ಎಂದು ಅಂಗೈಯಲ್ಲಿ ತೂಗಿ ನೋಡಿ, ಅದನ್ನೇ ಕಟ್ಟಿದಳು. ಬೆಳಗಾವಿಯಿಂದ ತರಿಸಿದ ಪ್ಲಗ್ಗು ಒಲೆಯ ಪಕ್ಕದಲ್ಲಿ ಪರದೆ ಕಾಯುತ್ತ ನೇತಾಡತೊಡಗಿತು. ಉಸ್ತಾದನಿಗೆ ನಾನು ಇದನ್ನು ಹೇಳಲಿಲ್ಲ. ಪೋರ್ಟು ಉಜ್ಜಿದವನ ಮುಂದೆ ಮೂವತ್ತರ ವೇಗದ ಮಾತು ಆಡಲು ನಾಲಿಗೆ ಬರಲಿಲ್ಲ.

ಮಾರನೆಯ ದಿನದಿಂದ ಗಾಡಿ ರಸ್ತೆಯಲ್ಲಿ ನಿಂತದ್ದಿಲ್ಲ. ನಾನು ಗೆದ್ದೆ ಎಂದುಕೊಂಡೆ. ಆದರೆ ನಿಲ್ಲದ ಗಾಡಿಯೂ ಸೆರಗಿನ ವೇಗದಲ್ಲೇ ಹೋಗಬೇಕಲ್ಲ. ಆಗ ಹತ್ತಿಯ ಕಾಲ. ಪೇಟೆಗೆ ಹತ್ತಿ ಹೇರಿಕೊಂಡು ಬರುವ ಚಕ್ಕಡಿಗಳ ಸಾಲು ರಸ್ತೆಯ ಉದ್ದಕ್ಕೂ. ಅವುಗಳ ನಡುವೆ ಕಾದು, ಸರಿದು, ಇಳಿದು ಹೋಗುವುದರಲ್ಲಿ ಶಾಲೆಯ ಗಂಟೆಯ ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಪುಣ್ಯ. ಹೆಂಡತಿ ನಸುಕಿನಲ್ಲೇ ಎದ್ದು ರೊಟ್ಟಿ ಬಡಿಯುತ್ತಿದ್ದಳು, ಆದರೂ ಹೊತ್ತು ಸಾಲುತ್ತಿರಲಿಲ್ಲ. ಅವ್ವನಿಗೆ ಸೆರಗಿನ ಮಾತು ಹೇಳಿಬಿಡುತ್ತೇನೆ ಎಂದೆ. ಹೆಂಡತಿ ನನ್ನ ಬಾಯಿ ಮುಚ್ಚಿಸಿದಳು. ಬಂದು ವರ್ಷವಾಗದ ಸೊಸೆ ತಲೆಯ ಸೆರಗು ಇಳಿಸಲು ಗಂಡನ ಕೈಲಿ ಹೇಳಿಸಿದಳು ಎನ್ನುವ ಮಾತು ತನಗೆ ಬೇಡ, ಅತ್ತೆ ಒಪ್ಪಿದರೂ ದೊಡ್ಡಪ್ಪನವರ ಮುಂದೆ ಅತ್ತೆಯ ತಲೆ ತಗ್ಗುತ್ತದೆ, ಅದಕ್ಕಿಂತ ಖೋಲಿಯೇ ವಾಸಿ ಎಂದಳು. ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಳು. ಮುಂದಿನ ಸೋಮವಾರ ಸವದತ್ತಿಗೆ ಹಾಸಿಗೆ ಒಯ್ಯುವುದೆಂದು ನಿಶ್ಚಯವಾಯಿತು. ಅವ್ವನಿಗೆ ಬಸ್ಸಿನ ತೊಂದರೆ ಎಂದಷ್ಟೇ ಹೇಳಿದೆವು. ಅವಳು ಅವತ್ತು ಊಟ ಸರಿಯಾಗಿ ಮಾಡಲಿಲ್ಲ.

ಅದರ ಹಿಂದಿನ ಭಾನುವಾರ ರಾಮದುರ್ಗದಲ್ಲಿ ಅವ್ವನ ತಂಗಿಯ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ನನ್ನ ಹೆಂಡತಿಗೆ ಪರೀಕ್ಷೆಯ ಪೇಪರು ತಿದ್ದುವ ರಾಶಿ ಇತ್ತು, ಮನೆಯಲ್ಲೇ ಉಳಿದಳು. ಬಸ್ ಸ್ಟ್ಯಾಂಡಿಗೆ ಹೋದರೆ ರಾಮದುರ್ಗದ ಬಸ್ಸು ಬರುವ ಸುದ್ದಿಯೇ ಇಲ್ಲ. ತೊಟ್ಟಿಲ ಶಾಸ್ತ್ರಕ್ಕೆ ಹಿರಿಯಕ್ಕನಾದ ತಾನೇ ಮೊದಲು ನಿಲ್ಲಬೇಕು, ಹೊತ್ತು ಮೀರುತ್ತದೆ ಎಂದು ಅವ್ವ ತಳಮಳಿಸತೊಡಗಿದಳು. ಕೊನೆಗೆ, ನಿನ್ನ ಗಾಡಿಯನ್ನೇ ತಾ ಎಂದಳು. ಪೇಟೆಯಿಂದ ಮನೆಗೆ ಬಿಟ್ಟರೆ ಅವಳು ಅದರ ಮೇಲೆ ದೂರ ಕೂತವಳೇ ಅಲ್ಲ. ಬಾಣಂತಿಗೆ ಕೊಡುವ ಕುಬಸದ ಬಟ್ಟೆ, ಬೆಲ್ಲ, ಕೊಬ್ಬರಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗು ಹೊತ್ತು, ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಹಿಂದೆ ಕೂತಳು.

ನನ್ನ ಕೈ ರೂಢಿಯಂತೆ ಮೂವತ್ತಕ್ಕೆ ನಿಂತಿತು. ಒಂದು ಊರು ದಾಟಿತು, ಇನ್ನೊಂದು ದಾಟಿತು. ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಅವ್ವ ಸೆರಗನ್ನು ಹಲ್ಲಿನಿಂದ ಬಿಡಿಸಿಕೊಂಡು, ಇಷ್ಟು ಸಾವಕಾಶ ಯಾಕೆ, ಜೋರಾಗಿ ಹೋಗೆಂದು ಬೆನ್ನಿಗೆ ತಿವಿದಳು. ನಾನು ಸ್ವಲ್ಪ ತಿರುವಿದೆ. ಕ್ಷಣದಲ್ಲಿ ಸೆರಗು ಜಾರಿ ನನ್ನ ಭುಜಕ್ಕೆ ಬಡಿಯಿತು. ಕೈ ಇಳಿಯಿತು. ಅವಳು ಸೆರಗನ್ನು ಮತ್ತೆ ಹೊತ್ತಳು, ಮತ್ತೆ ತಿವಿದಳು, ಮತ್ತೆ ಅದೇ ಕತೆ.

"ಸೆರಗ ನಿಂದರಬೇಕಲ್ಲವ್ವಾ" ಎಂದೆ. ಹೆಂಡತಿಗೆ ಕೊಟ್ಟ ಮಾತು ಮುರಿಯಲಿಲ್ಲ, ಅವ್ವನ ಸೆರಗಿನ ಮಾತನ್ನಷ್ಟೇ ಆಡಿದೆ.

ಅವಳು ಜಾರಿದ ಸೆರಗಿನ ಅಂಚನ್ನು ಕೈಯಲ್ಲೇ ಹಿಡಿದುಕೊಂಡಳು. ಆಮೇಲೆ ಹಿಂದಿನಿಂದ ದನಿ ಬಂತು.

"ಆಕೀನೂ ಹಿಂಗ ಕರಕೊಂಡ ಹೋಗತಿಯೇನು?"

"ಹೂಂ."

"ದಿನಾ?"

"ದಿನಾ ಹಿಂಗವ್ವಾ."

ಅಷ್ಟರಲ್ಲಿ ದೊಡ್ಡಪ್ಪನ ಊರಿನ ಬೇವಿನ ಮರಗಳು ಕಂಡವು. ದೊಡ್ಡಪ್ಪ ಕಟ್ಟೆಯ ಮೇಲೆ ತಲೆಗೆ ಬಿಳಿ ಪಟಗ ಸುತ್ತಿಕೊಂಡು ಕೂತಿದ್ದು ದೂರದಿಂದಲೇ ತಿಳಿಯುತ್ತಿತ್ತು. ನಮ್ಮವ್ವ ಆ ಮನೆತನಕ್ಕೆ ಸೊಸೆಯಾಗಿ ಬಂದು ನಾನು ಇಷ್ಟು ದೊಡ್ಡವನಾಗುವ ತನಕ ಆ ಭಾವನ ಮುಂದೆ ಬರಿದಲೆಯಲ್ಲಿ ನಿಂತದ್ದನ್ನು ನಾನು ಕಂಡಿಲ್ಲ. ಅವರ ಎದುರಿಗೆ ನೇರ ಮಾತಾಡಿದ್ದನ್ನೂ ಕಂಡಿಲ್ಲ. ನಾನು ಗೇರು ಇಳಿಸಲು ಕ್ಲಚ್ಚಿಗೆ ಕೈ ಹಾಕಿದೆ.

"ಇಳಿಸಬ್ಯಾಡ. ಜೋರ ಹೊಡಿ" ಎಂದಳು ಅವ್ವ.

ಹೊಡೆದೆ. ಬೆನ್ನಿಗೆ ಸೆರಗು ಬಡಿಯಲಿಲ್ಲ. ಓರೆಗಣ್ಣಿನಿಂದ ಕನ್ನಡಿಯಲ್ಲಿ ನೋಡಿದೆ. ಅವಳು ಸೆರಗನ್ನು ಇಳಿಸಿ, ಸೊಂಟಕ್ಕೆ ಸುತ್ತಿ, ಗಂಟಿನ ಕೆಳಗೆ ಒತ್ತಿ ಹಿಡಿದಿದ್ದಳು. ನೆರೆತ ಕೂದಲು ಗಾಳಿಗೆ ಬಿಚ್ಚಿಕೊಂಡಿತ್ತು. ಕಟ್ಟೆಯ ಮುಂದೆ ಹಾಯುವಾಗ ಮುಖ ತಿರುಗಿಸಲಿಲ್ಲ, ತಲೆ ತಗ್ಗಿಸಲೂ ಇಲ್ಲ. ದೊಡ್ಡಪ್ಪ ಅರ್ಧ ಎದ್ದು ನಿಂತದ್ದು ಕಂಡಿತು. ತೊಟ್ಟಿಲು ಹೂವಿನಿಂದ ಸಿಂಗಾರವಾಗುವ ಹೊತ್ತಿಗೆ ಸರಿಯಾಗಿ ರಾಮದುರ್ಗ ಮುಟ್ಟಿದೆವು.

ಸಂಜೆ ಮರಳುವಾಗ ಅವ್ವ ದೊಡ್ಡಪ್ಪನ ಮನೆಯ ಮುಂದೆ ಗಾಡಿ ನಿಲ್ಲಿಸು ಎಂದಳು. ಇಳಿದವಳೇ ಸೆರಗು ಹೊತ್ತುಕೊಂಡು ಒಳಗೆ ಹೋದಳು. ದೊಡ್ಡಪ್ಪ ಪಡಸಾಲೆಯಲ್ಲಿ ಕೂತಿದ್ದರು, ಮುಖ ಗಂಟಿಕ್ಕಿತ್ತು. ಅವ್ವ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಒಳಗಿದ್ದ ದೊಡ್ಡವ್ವನಿಗೆ ಹೇಳುವ ಹಾಗೆ, ಆದರೆ ಪಡಸಾಲೆಗೆ ಸ್ಪಷ್ಟವಾಗಿ ಕೇಳುವ ಹಾಗೆ ಹೇಳಿದಳು.

"ಅಕ್ಕಾ, ಗಾಡಿ ಮ್ಯಾಲ ಸೆರಗ ನಿಂದರೂದಿಲ್ಲ. ನಂದು ನಿಂದರಲಿಲ್ಲ, ಸೊಸೀದೂ ನಿಂದರೂದಿಲ್ಲ. ನಾಳಿಂದ ಆಕಿ ಹಂಗ ಹೋಗತಾಳ. ಮನಿಗಿ ಬಂದಾಗ ಹೊತಗೋತಾಳ."

ದೊಡ್ಡವ್ವ ಚಹಾದ ಬಟ್ಟಲು ಹಿಡಿದುಕೊಂಡು ನಿಂತೇ ಇದ್ದಳು. ದೊಡ್ಡಪ್ಪ ಪಟಗ ತೆಗೆದು ತೊಡೆಯ ಮೇಲಿಟ್ಟುಕೊಂಡರು, ತಲೆ ತುರಿಸಿಕೊಂಡರು, ಆಮೇಲೆ ನನ್ನ ಕಡೆ ತಿರುಗಿ, ಆ ಗಾಡಿ ಎಷ್ಟರ ತನಕ ಓಡುತ್ತದೆ ಎಂದು ಕೇಳಿದರು. ನಾನು ಇದ್ದದ್ದಕ್ಕಿಂತ ಸ್ವಲ್ಪ ಕಡಿಮೆಯೇ ಹೇಳಿದೆ. ಸೊಸೆಯನ್ನು ಕೂಡಿಸಿಕೊಂಡಾಗ ಅಷ್ಟು ಬೇಡ ಎಂದರು. ನಮ್ಮ ಮನೆತನದಲ್ಲಿ ಒಪ್ಪಿಗೆ ಎಂದರೆ ಅಷ್ಟೇ ಇರುತ್ತದೆ.

ಸೋಮವಾರ ಹಾಸಿಗೆಯ ಸುರುಳಿ ಬಾಗಿಲಲ್ಲಿ ಸಿದ್ಧವಾಗಿತ್ತು. ಅವ್ವ ಅದನ್ನು ಎತ್ತಿ ಒಳಗೆ ಒಯ್ದು ಅಟ್ಟದ ಮೇಲೆ ಹಾಕಿದಳು. ಸೊಸೆ ಸೆರಗು ಹೊರಲು ಕೈ ಎತ್ತಿದಾಗ ಅವಳ ಕೈ ಹಿಡಿದು ಇಳಿಸಿ, ತಾನೇ ಸೆರಗನ್ನು ಸೊಂಟಕ್ಕೆ ಸಿಗಿಸಿ, ಪಿನ್ನು ಹಚ್ಚಿದಳು. ಹೇಳಿಬಿಟ್ಟಿರಾ ಎಂಬಂತೆ ಹೆಂಡತಿ ನನ್ನ ಕಡೆ ಕಣ್ಣು ಕಿಸಿದಳು. ನಾನು ಹೇಳಿಲ್ಲ ಎಂದು ಗೋಣು ಅಲ್ಲಾಡಿಸಿದೆ. ರಸ್ತೆಯಲ್ಲಿ ಅವ್ವನ ರಾಮದುರ್ಗದ ಸವಾರಿಯನ್ನೆಲ್ಲ ಹೇಳಿದಾಗ ಅವಳು ನನ್ನ ಬೆನ್ನಿಗೆ ಹಣೆ ಹಚ್ಚಿ ಸುಮ್ಮನೆ ಅತ್ತಳು. ಶಾಲೆ ಮುಟ್ಟಿದಾಗ ಹುಡುಗರು ಇನ್ನೂ ಅಂಗಳ ಗುಡಿಸುತ್ತಿದ್ದರು. ಸವದತ್ತಿಯ ಗೆಳತಿಗೆ ಅವಳು ಅಂದೇ ಬೇಡ ಎಂದು ಹೇಳಿದಳು. ಮುಂದೆ ಎರಡು ಸಾವಿರದ ಇಸವಿಯ ಆಚೆ ಬೈಲಹೊಂಗಲಕ್ಕೇ ವರ್ಗವಾಗಿ ಬರುವ ತನಕ ನಾವಿಬ್ಬರೂ ಆ ರಸ್ತೆಯಲ್ಲಿ ಹೋದೆವು. ಅಷ್ಟರಲ್ಲಿ ಕೆಲಸವೂ ಕಾಯಂ ಆಗಿತ್ತು, ಮಗಳೂ ಹುಟ್ಟಿದ್ದಳು. ನನ್ನ ಜೀವನದಲ್ಲಿ ಅದಕ್ಕಿಂತ ಒಳ್ಳೆಯ ಬೆಳಗುಗಳು ಇಲ್ಲ.

ಆದರೆ ಪ್ಲಗ್ಗಿನ ಕತೆ ಅಲ್ಲಿಗೆ ಮುಗಿಯಲಿಲ್ಲ. ಹೋಗುವಾಗಲೂ ಜೋರು, ಬರುವಾಗಲೂ ಜೋರು ಆದ ಮೇಲೆ ವಾರದೊಳಗೆ ಎಂಜಿನ್ನು ಏರಿನಲ್ಲಿ ಟಿಣ್ ಟಿಣ್ ಎನ್ನತೊಡಗಿತು. ಬಿಚ್ಚಿ ನೋಡಿದರೆ ಪ್ಲಗ್ಗಿನ ಮೂತಿ ಸುಣ್ಣದಂತೆ ಬೆಳ್ಳಗೆ. ಸೀಯತೊಡಗಿತ್ತು. ಉಸ್ತಾದ ಅದನ್ನು ಕಂಡು, ಇದನ್ನು ಯಾವ ಪುಣ್ಯಾತ್ಮ ಹಾಕಿದ ಎಂದು ಓಣಿಗೆಲ್ಲ ಕೇಳುವ ಹಾಗೆ ನಕ್ಕ. ಪರದೆಯ ಕತೆ, ಸೆರಗಿನ ಕತೆ ಎಲ್ಲ ಅವನಿಗೆ ಹೇಳಲೇಬೇಕಾಯಿತು. ಅವನು ಮೊದಲ ಸಲ ಮಾತು ನಿಲ್ಲಿಸಿ ಪೂರ್ತಿ ಕೇಳಿದ.

ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಆ ತಂಪಿನ ಪ್ಲಗ್ ಮತ್ತೆ ಬೇಕಾಯಿತು ಎಂದೆ. ಅವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಎದ್ದು, ಗಂಟು ಬಿಚ್ಚಿ ಅದನ್ನು ನನ್ನ ಕೈಗೆ ಹಾಕಿದಳು. ಗಾಳಿ ಬೀಸಿ ಪರದೆ ಒಳಗೆ ಎದ್ದು ಅವಳ ತಲೆಯ ಮೇಲೆ ಬಂತು. ಈ ಬಿಳಿಯದನ್ನು ಕಟ್ಟಿಬಿಡು, ತೂಕ ಒಂದೇ ಎಂದು ನನ್ನ ಕೈಲಿದ್ದ ಸೀದ ಪ್ಲಗ್ಗನ್ನು ಮುಂದೆ ಹಿಡಿದೆ.

ಅವ್ವ ಅದನ್ನು ತೆಗೆದುಕೊಳ್ಳಲಿಲ್ಲ.

"ಬ್ಯಾಡ" ಎಂದಳು. "ಹಾರಲಿ ಬಿಡು."